ಕಪಾಟು ಒಂದು, ಕೀಲಿಕೈ ಎಷ್ಟು?

ಬೆಳ್ಳೂರಿನ ಶಾಲೆಯ ಒಂದು ಮಗು ಗಡಿ ದಾಟಿ ಪುತ್ತೂರಿನ ಶಾಲೆಗೆ ಸೇರುತ್ತದೆ ಎಂದಿಟ್ಟುಕೊಳ್ಳಿ. ಟಿಸಿ ಕೊಡಬೇಕು. ಗಣಕದಲ್ಲಿ ಆಗ ಎರಡು ಕೆಲಸ ಒಟ್ಟಿಗೇ ಆಗಬೇಕು: ತರಗತಿಯ ಪಟ್ಟಿಯಿಂದ ಹೆಸರು ತೆಗೆಯುವುದು, ಟಿಸಿ ದಾಖಲಿಸುವುದು. ಒಂದು ಆಗಿ ಇನ್ನೊಂದು ಆಗದಿದ್ದರೆ ಆ ಮಗು ದಾಖಲೆಯಲ್ಲಿ ಎಲ್ಲಿಯದ್ದೂ ಅಲ್ಲ!

ಇಂಥ ಎರಡು ಕೆಲಸಗಳನ್ನು ಸಾಮಾನ್ಯವಾಗಿ ತಂತ್ರಾಂಶದ ಎರಡು ಬೇರೆ ಬೇರೆ ಕ್ಲಾಸುಗಳು ಮಾಡುತ್ತವೆ (ನಮ್ಮ ಐದನೇ ಕ್ಲಾಸು, ಆರನೇ ಕ್ಲಾಸು ಅಲ್ಲ ಮಾರಾಯ್ರೇ). ಎರಡಕ್ಕೂ ಡೇಟಾಬೇಸಿನ ಕನೆಕ್ಷನ್ ಬೇಕು. ಬೇರೆ ಬೇರೆ ಕನೆಕ್ಷನ್ ತೆರೆದರೆ 'ಎರಡೂ ಆಗಲಿ, ಇಲ್ಲವೇ ಎರಡೂ ಬೇಡ' ಎಂದು ಹೇಳಲು ಬರುವುದಿಲ್ಲ, ಆ ಮಾತು ಒಂದು ಕನೆಕ್ಷನಿನ ಒಳಗೆ ಮಾತ್ರ ನಡೆಯುತ್ತದೆ. ಹಾಗಾದರೆ ಹಂಚಿಕೊಳ್ಳುವುದು ಹೇಗೆ?

1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿ ಹೊರತಂದಾಗ ಕ್ಲಾಸಿನ ಚಿಂತೆಯೇ ಇರಲಿಲ್ಲ. ಮುಂದೆ ಮೈಎಸ್‌ಕ್ಯೂಎಲ್ ಜೊತೆ ಬಳಸುವಾಗಲೂ, ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಎರಡನೇ ಸಲ ಕನೆಕ್ಷನ್ ಕೇಳಿದರೆ ಹಳೆಯದನ್ನೇ ಸದ್ದಿಲ್ಲದೆ ಕೊಡುತ್ತಿತ್ತು. ಈ ಉಪಕಾರದಿಂದಲೇ ಅನೇಕರು ಸೋಮಾರಿಗಳಾದರು ಎಂದು ನನ್ನ ಅಭಿಪ್ರಾಯ.

2000ದ ಪಿಎಚ್‌ಪಿ 4ರಲ್ಲಿ ಜನ ಕ್ಲಾಸು ಬರೆಯತೊಡಗಿದರು. ಆದರೆ ಅಲ್ಲಿ ಆಬ್ಜೆಕ್ಟನ್ನು ಇನ್ನೊಂದಕ್ಕೆ ಕೊಟ್ಟರೆ ಹೋಗುತ್ತಿದ್ದದ್ದು ಅದರ ನಕಲು. ನಡುವೆ ಒಂದು ಚಿಹ್ನೆ ಮರೆತರೆ ಮುಗಿಯಿತು... ಅದಕ್ಕೇ ಬಹಳ ಮಂದಿ 'ಗ್ಲೋಬಲ್' ಎಂದು ಬರೆದು ಕೈತೊಳೆದುಕೊಂಡರು. ಅಂದರೆ ಕಪಾಟಿನ ಕೀಲಿಕೈಯನ್ನು ಜಗಲಿಯ ಮೊಳೆಗೆ ತೂಗುಹಾಕಿದ ಹಾಗೆ. ಯಾರೂ ತೆಗೆಯಬಹುದು, ಬದಲಿಸಲೂಬಹುದು.

2004ರ ಜುಲೈಯಲ್ಲಿ ಪಿಎಚ್‌ಪಿ 5 ಬಂತು, ನಕಲಿನ ಕಾಟ ತಪ್ಪಿತು. ನಾಲ್ವರು ಲೇಖಕರು 1994ರ ಒಂದು ಪುಸ್ತಕದಲ್ಲಿ ವಿವರಿಸಿದ್ದ 'ಸಿಂಗಲ್ಟನ್' ಇಲ್ಲಿ ಜನಪ್ರಿಯವಾಯಿತು: ಕನೆಕ್ಷನ್ ಇಟ್ಟುಕೊಳ್ಳುವ ಕ್ಲಾಸು ಒಂದೇ ಆಬ್ಜೆಕ್ಟನ್ನು ಮಾಡುತ್ತದೆ, ಯಾರು ಕೇಳಿದರೂ ಅದನ್ನೇ ಕೊಡುತ್ತದೆ. ನೋಡಲು ಚೆಂದ. ನನಗಂತೂ ಇದು ಇಸ್ತ್ರಿ ಹಾಕಿದ ಅಂಗಿ ತೊಟ್ಟ ಗ್ಲೋಬಲ್ಲೇ! ಕನೆಕ್ಷನನ್ನು ಹೊರಗೆ ಒಮ್ಮೆ ತೆರೆದು, ಕ್ಲಾಸು ಹುಟ್ಟುವಾಗಲೇ ಅದರ ಕೈಗೆ ಕೊಡುವುದು ಮೇಲು. 2004ರ ಜನವರಿಯಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಈ ಕ್ರಮಕ್ಕೆ 'ಡಿಪೆಂಡೆನ್ಸಿ ಇಂಜೆಕ್ಷನ್' ಎಂಬ ಹೆಸರು ನೆಲೆಯಾಯಿತು. ಯಾರಿಗೆ ಏನು ಬೇಕು ಎಂಬುದು ಇಲ್ಲಿ ಮೊದಲ ಸಾಲಿನಲ್ಲೇ ಕಾಣುತ್ತದೆ.

ಅದೇ 2004ರಲ್ಲಿ ರೂಬಿ ಭಾಷೆಯ ರೈಲ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಕನೆಕ್ಷನ್ ತಾಯಿ ಕ್ಲಾಸಿನ ಬಳಿ ಇರುತ್ತದೆ, ಮಕ್ಕಳಿಗೆ ಅದು ಆನುವಂಶಿಕವಾಗಿ ಸಿಗುತ್ತದೆ. 2008ರ ರೈಲ್ಸ್ 2.2ರಲ್ಲಿ ಕನೆಕ್ಷನ್‌ಗಳ ಕೊಳ ಬಂತು. ಕೆಲಸವಿದ್ದಾಗ ಒಂದನ್ನು ತೆಗೆದುಕೊ, ಮುಗಿದಾಗ ಹಿಂದೆ ಕೊಡು. ಇದು ನಮಗೆ ದೂರದ ಸಂಗತಿಯಲ್ಲ, ಕೇರಳದ 15 ಸಾವಿರಕ್ಕೂ ಹೆಚ್ಚು ಶಾಲೆಗಳಿಗಾಗಿ ರೂಪಿಸಿದ 'ಸಂಪೂರ್ಣ'ಕ್ಕೆ ಆಧಾರವಾದ ಫೆಡೆನಾ ತಂತ್ರಾಂಶ ಬರೆದದ್ದು ಈ ರೈಲ್ಸ್‌ನಲ್ಲೇ.

ಪಿಎಚ್‌ಪಿಯ ಆ ಹಳೆಯ ಮೈಎಸ್‌ಕ್ಯೂಎಲ್ ಆದೇಶಗಳನ್ನು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ತೆಗೆದುಹಾಕಿದರು. ಪ್ರತಿ ಕ್ಲಾಸಿನ ಒಳಗೂ ಕನೆಕ್ಷನ್ ತೆರೆದಿದ್ದವರು ಕಡತ ಕಡತವನ್ನೂ ತಿದ್ದಬೇಕಾಯಿತು. ಎಲ್ಲವನ್ನೂ ಒಂದೇ ಕ್ಲಾಸಿನ ಮೂಲಕ ಕಳಿಸುತ್ತಿದ್ದವರು ಆ ಒಂದನ್ನು ತಿದ್ದಿ ಮನೆಗೆ ಹೋದರು.