ಸಣ್ಣ ನೀರು ಸರಬರಾಜಿಗೆ ಕಾನೂನಿನ ಬಲ: ಕೊಡಗಿನಿಂದ ಒಂದು ಸಮೀಕ್ಷೆ

ಕೊಡಗಿನ ಹಳ್ಳಿಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ಗದ್ದೆಯಂಚಿನ ಐನ್‌ಮನೆ (ಕೊಡವರ ಕುಲದ ಮನೆ), ಕಾಫಿ ತೋಟದ ಕಾರ್ಮಿಕರ ಲೈನ್‌ಮನೆ, ಕಾಡಂಚಿನ ಆದಿವಾಸಿ ಹಾಡಿ ಎಲ್ಲವೂ ದೂರದೂರ. ಒಂದು ಕೊಳವೆಬಾವಿ, ಒಂದು ಟ್ಯಾಂಕು, ನಾಲ್ಕಾರು ನಲ್ಲಿ, ಇಲ್ಲವೇ ಗುಡ್ಡದ ತೊರೆಯಿಂದ ಇಳಿದು ಬರುವ ಪೈಪು: ಬಹಳಷ್ಟು ಕಡೆ ನೀರಿನ ವ್ಯವಸ್ಥೆ ಇಷ್ಟೇ. 2011ರ ಜನಗಣತಿಯಂತೆ ಜಿಲ್ಲೆಯ 5,54,519 ಜನರಲ್ಲಿ ಸುಮಾರು ಶೇ 85 ಮಂದಿ ಗ್ರಾಮವಾಸಿಗಳು. ಇಷ್ಟು ಚಿಕ್ಕ ವ್ಯವಸ್ಥೆಗಳಿಗೆ ಹಣ, ಹೊಣೆ, ಹಕ್ಕು ಮೂರೂ ಸಿಗಬೇಕಾದರೆ ಕಾನೂನಿನ ಬಲ ಬೇಕು. ಆ ಬಲ ಬಂದದ್ದು ಹಂತಹಂತವಾಗಿ.

ಮೊದಲ ಹೆಜ್ಜೆ ತೋಟಗಳಿಗೆ ಸಂಬಂಧಿಸಿದ್ದು. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ಶುದ್ಧ ಕುಡಿಯುವ ನೀರು ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. 1970ರ ದಶಕದಲ್ಲಿ ಕೇಂದ್ರದ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮ ಬಂದರೂ ಯೋಜನೆಯ ತೀರ್ಮಾನ ಸರ್ಕಾರಿ ಇಲಾಖೆಯ ಕೈಯಲ್ಲೇ ಉಳಿಯಿತು.

ದಿಕ್ಕು ಬದಲಾದದ್ದು 1983ರ ನಂತರ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಬರಗಾಲದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದರು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನನ್ನೂ ರೂಪಿಸಿದರು. ನೀರು ಕೊಟ್ಟವರೇ ಅದನ್ನು ನೋಡಿಕೊಳ್ಳುವ ಅಧಿಕಾರವನ್ನೂ ಹಳ್ಳಿಗೆ ಕೊಟ್ಟರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಇಂದು ಅವರದೇ ಹೆಸರು.

ಸಂವಿಧಾನದ 73ನೇ ತಿದ್ದುಪಡಿ ಕುಡಿಯುವ ನೀರನ್ನು ಪಂಚಾಯಿತಿಗಳ ವಿಷಯಪಟ್ಟಿಗೆ ಸೇರಿಸಿತು. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಅನುಸರಿಸಿತು. 1999ರ ಅಂತರ್ಜಲ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೆಗೆಯುವುದನ್ನು ತಡೆಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಕೊಡಗಿನ ಹಾಡಿಗಳ ಪಾಲಿಗೆ ಬಹು ಮುಖ್ಯ. ಕುಡಿಯುವ ನೀರಿನ ಪೈಪಿಗಾಗಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ಬಳಸಲು ಅದು ಅವಕಾಶ ಕೊಟ್ಟಿತು. ಪಂಚಾಯತ್ ರಾಜ್ ಸುಧಾರಣೆಗಾಗಿ ರಚಿಸಿದ್ದ ರಮೇಶ್ ಕುಮಾರ್ ಸಮಿತಿಯ ವರದಿಯ ಬೆನ್ನಿಗೆ ಬಂದ, ಪಂಚಾಯತ್ ರಾಜ್ ಕಾಯ್ದೆಯ 2015ರ ತಿದ್ದುಪಡಿ ಒಂದೊಂದು ವಸತಿ ಪ್ರದೇಶದ ಜನ ಸೇರುವ ‘ಜನವಸತಿ ಸಭೆ’ಗೂ ಮಾನ್ಯತೆ ನೀಡಿತು. ಹೀಗೆ ಹಾಡಿಯೊಂದು ತನ್ನ ನೀರಿನ ಬೇಡಿಕೆಯನ್ನು ತಾನೇ ಬರೆಸುವ ದಾರಿ ತೆರೆಯಿತು.

2019ರ ಜಲಜೀವನ್ ಮಿಷನ್ ಪ್ರತಿ ಮನೆಗೆ ನಲ್ಲಿ, ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟುಕೊಂಡಿತು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು.

ಕಾನೂನಿಗಾಗಿ ದನಿ ಎತ್ತುವವರೂ ಬೇಕು. ಅಮೆರಿಕದಲ್ಲಿ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಬಂದ ಮೇಲೆ ಸಣ್ಣ ಊರುಗಳ ನೀರು ಸಂಸ್ಥೆಗಳು 1976ರಲ್ಲಿ ರಾಷ್ಟ್ರೀಯ ಸಂಘ ಕಟ್ಟಿಕೊಂಡವು; ತಮ್ಮ ಅಳಲನ್ನು ಅಲ್ಲಿನ ಸಂಸತ್ತಿಗೆ ಒಯ್ದವು. ಕರ್ನಾಟಕದಲ್ಲಿ ಆ ಕೆಲಸವನ್ನು ಹೆಚ್ಚಾಗಿ ಪಂಚಾಯಿತಿ ಸದಸ್ಯರು, ಶಾಸಕರು ಮತ್ತು ಆದಿವಾಸಿ ಸಂಘಟನೆಗಳು ಮಾಡುತ್ತ ಬಂದಿವೆ.

ಆದರೆ ಕಾನೂನಷ್ಟೇ ನೀರು ಹರಿಸುವುದಿಲ್ಲ. ಮಳೆಗಾಲದಲ್ಲಿ ತೊರೆಯ ಪೈಪಿನ ಬಾಯಿಗೆ ಕಟ್ಟಿದ ಎಲೆ-ಕಸ ತೆಗೆಯುವವರು, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವವರು, ಸರದಿಯಂತೆ ವಾಲ್ವ್ ತಿರುಗಿಸುವವರು ನೀರುಗಂಟಿಗಳು. ಕಾನೂನು ಮಾಡಿಸಿದವರಿಗೆ ಸಂದ ಮನ್ನಣೆ ನ್ಯಾಯವಾದದ್ದೇ. ಅದೇ ಮನ್ನಣೆ, ಜೊತೆಗೆ ತಕ್ಕ ವೇತನ, ನೀರಿನ ವ್ಯವಸ್ಥೆಯನ್ನು ದಿನವೂ ನಡೆಸುವ ಈ ಜನರಿಗೂ ಸಲ್ಲಬೇಕು. ಈ ಬೇಡಿಕೆ ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಮೊದಲು ದಾಖಲಾಗಲಿ.