ಎಂಟು ನಲವತ್ತೇಳರ ಬಸ್ಸು ಎಲ್ಲಿಂದ ಬಂತು?

ಎಂಟೂಮುಕ್ಕಾಲಿಗಲ್ಲ, ಒಂಬತ್ತರ ಸುಮಾರಿಗೂ ಅಲ್ಲ, ಸರಿಯಾಗಿ 8.47ಕ್ಕೆ ಬಸ್ಸು ಎಂದು ಮೊಬೈಲ್ ಹೇಳಿತ್ತು. ಕಳೆದ ತಿಂಗಳ ಒಂದು ರಾತ್ರಿ ನಗರದಂಚಿನ ನಿಲ್ದಾಣವೊಂದರಲ್ಲಿ ಈ ವರದಿಗಾರ್ತಿ ಏಳು ನಿಮಿಷ ಮೊದಲೇ ಹೋಗಿ ನಿಂತದ್ದಾಯಿತು. 8.47 ಆಯಿತು, ಬಸ್ಸಿಲ್ಲ. 8.48ಕ್ಕೆ ತೆರೆಯ ಮೇಲಿಂದ ಆ ಬಸ್ಸೇ ಮಾಯ. ಮೊಬೈಲಿನ ಲೆಕ್ಕದಲ್ಲಿ ಅದು ಬಂದು, ನಿಂತು, ಹೊರಟೂ ಹೋಗಿತ್ತು! ಪಕ್ಕದಲ್ಲಿ ಹೂ ಕಟ್ಟುತ್ತ ಕುಳಿತಿದ್ದ ಹೆಂಗಸು ನಕ್ಕು, "ಬತ್ತದೆ ಕೂತ್ಕಳವ್ವ, ಫ್ಯಾಕ್ಟರಿ ಶಿಫ್ಟು ಬಿಟ್ಮೇಲೇ ಅದು ಬರಾದು" ಎಂದಳು.

ಬಸ್ಸು ಬಂದದ್ದು 9.08ಕ್ಕೆ. ಟಿಕೆಟ್ ಕೊಡುತ್ತಿದ್ದ ಕಂಡಕ್ಟರನ್ನು ವಿಚಾರಿಸಿದರೆ ಅವರಿಗೇ ಆಶ್ಚರ್ಯ. "ಎಂಟು ನಲವತ್ತೇಳಾ? ಯಾರು ಕೊಟ್ರು ಮೇಡಂ ಆ ಟೈಮು? ನಮ್ಮ ಶೀಟಲ್ಲಿರೋದು ಎರಡೇ. ಅಲ್ಲಿ ಬಿಡೋದು, ಇಲ್ಲಿ ಸೇರೋದು."

ಹಾಗಾದರೆ ಈ 8.47ನ್ನು ಹುಟ್ಟಿಸಿದವರು ಯಾರು? ಉತ್ತರ ಹುಡುಕುತ್ತ ಹೊರಟರೆ ದಾರಿ ಮೊಬೈಲಿನ ಕಾಲವನ್ನು ದಾಟಿ ಬಹಳ ಹಿಂದಕ್ಕೆ, 1839ರ ಮ್ಯಾಂಚೆಸ್ಟರಿಗೆ ಹೋಗಿ ಮುಟ್ಟುತ್ತದೆ.

ಜಾರ್ಜ್ ಬ್ರ್ಯಾಡ್‌ಷಾ ಎಂಬಾತ ಆ ಊರಿನಲ್ಲಿ ನಕ್ಷೆಗಳನ್ನು ಕೊರೆದು ಅಚ್ಚು ಹಾಕುತ್ತಿದ್ದ. ಕ್ವೇಕರ್ ಪಂಥದವನು. ತಿಂಗಳುಗಳ ರೋಮನ್ ಹೆಸರು ಆ ಪಂಥಕ್ಕೆ ಒಗ್ಗದು. ಆದ್ದರಿಂದ ಅವನ ಮೊದಲ ಪುಸ್ತಕದ ಮೇಲೆ ಅಕ್ಟೋಬರ್ ಎಂದಿಲ್ಲ, 'ಹತ್ತನೇ ತಿಂಗಳು' ಎಂದಿದೆ. ಬೇರೆ ಬೇರೆ ಕಂಪನಿಗಳ ರೈಲುಗಳ ಹೊತ್ತನ್ನು ಒಂದೇ ಕಡೆ ಸೇರಿಸಿ ಆರು ಪೆನ್ನಿಗೆ ಮಾರಿದ ಪುಟ್ಟ ಪುಸ್ತಕ ಅದು. ಕೆಲವು ಕಂಪನಿಗಳು ತಮ್ಮ ಹೊತ್ತನ್ನು ಕೊಡಲು ಒಪ್ಪಲೇ ಇಲ್ಲವಂತೆ. ಹೊತ್ತನ್ನು ಅಚ್ಚು ಹಾಕಿಸಿದರೆ ಆ ಹೊತ್ತಿಗೇ ರೈಲು ಓಡಿಸಬೇಕಾದ ಕಟ್ಟುಪಾಡು ಕೊರಳಿಗೆ ಬೀಳುತ್ತದೆಂಬ ಅಳುಕು! ಓದಿದರೆ ನಗು ಬರುತ್ತದೆ. ಆದರೆ ವೇಳಾಪಟ್ಟಿಯ ಇಡೀ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಮಾತು ಇನ್ನೊಂದು ಸಿಗುವುದು ಕಷ್ಟ. ವೇಳಾಪಟ್ಟಿ ಎಂದರೆ ವಾಗ್ದಾನ ಎಂಬುದು ಆ ಕಂಪನಿಗಳಿಗೆ ಚೆನ್ನಾಗಿ ಅರ್ಥವಾಗಿತ್ತು.

ಆಗ ಇನ್ನೊಂದು ತೊಡಕೂ ಇತ್ತು. ಒಂದೊಂದು ಊರಿಗೆ ಒಂದೊಂದು ಗಡಿಯಾರ. ಲಂಡನ್ನಿಗಿಂತ ಬ್ರಿಸ್ಟಲ್ ಹತ್ತು ನಿಮಿಷ ಹಿಂದೆ. 1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ಎಲ್ಲ ನಿಲ್ದಾಣಗಳಿಗೂ ಲಂಡನ್ನಿನ ಹೊತ್ತನ್ನೇ ಹೇರಿತು. ಕಾನೂನು ಅದನ್ನು ಒಪ್ಪಿಕೊಂಡದ್ದು 1880ರಲ್ಲಿ. ನಮ್ಮಲ್ಲಿಯೂ ರೈಲುಗಳು ಬಹುಕಾಲ ಮದರಾಸಿನ ಗಡಿಯಾರ ನೋಡಿಕೊಂಡೇ ಓಡಿದವು. ಭಾರತೀಯ ಕಾಲಮಾನ ಬಂದದ್ದು 1906ರಲ್ಲಿ. ಕಲ್ಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ತಮ್ಮ ಹೊತ್ತನ್ನು ಬಿಟ್ಟುಕೊಡಲಿಲ್ಲ. ಇರಲಿ. ಬ್ರ್ಯಾಡ್‌ಷಾನ ಪುಸ್ತಕ ಬೆಳೆದು ಬೆಳೆದು ಸಾವಿರ ಪುಟದ ಆಸುಪಾಸಿಗೆ ಬಂತು. ಜೂಲ್ಸ್ ವರ್ನ್‌ನ ಕಾದಂಬರಿಯ ನಾಯಕ ಎಂಬತ್ತು ದಿನಗಳಲ್ಲಿ ಭೂಮಿ ಸುತ್ತಲು ಹೊರಟಾಗ ಕಂಕುಳಲ್ಲಿ ಇಟ್ಟುಕೊಂಡದ್ದು ಬ್ರ್ಯಾಡ್‌ಷಾನ ಯುರೋಪಿನ ಕೈಪಿಡಿಯನ್ನೇ. ಕಲ್ಕತ್ತೆಯ ನ್ಯೂಮನ್ ಕಂಪನಿ 'ಇಂಡಿಯನ್ ಬ್ರ್ಯಾಡ್‌ಷಾ' ಎಂದು ಹೆಸರಿಟ್ಟೇ ನಮ್ಮ ರೈಲುಗಳ ಪಟ್ಟಿ ಹೊರಡಿಸಿತು. ಮೂಲ ಪುಸ್ತಕ 1961ರಲ್ಲಿ ನಿಂತಿತು.

ಆ ಪುಸ್ತಕವನ್ನು ಓದುವುದೇ ಒಂದು ವಿದ್ಯೆಯಾಗಿತ್ತು. ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕವನ್ನು ಪ್ರಯಾಣಿಕನೇ ಹಾಕಿಕೊಳ್ಳಬೇಕಿತ್ತು. ಇಲ್ಲವೇ ಬಲ್ಲವರನ್ನು ಕೇಳಬೇಕಿತ್ತು. ನಮ್ಮ ಬಸ್ ನಿಲ್ದಾಣಗಳಲ್ಲಿ 'ವಿಚಾರಣೆ' ಎಂದು ಬರೆದ ಕಿಟಕಿಯ ಹಿಂದೆ ಕುಳಿತ ಕಂಟ್ರೋಲರು ಇಂಥ ಬಲ್ಲವರು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮೊದಲು "ಲಗೇಜ್ ಎಷ್ಟಿದೆ? ಮಕ್ಕಳಿದ್ದಾರಾ?" ಎಂದು ಅವರೇ ಪ್ರಶ್ನೆ ಹಾಕುತ್ತಾರೆ. "ಈ ಬಸ್ಸು ಬೇಡ, ಎರಡು ಕಡೆ ಇಳಿದು ಹತ್ತಬೇಕು. ಅರ್ಧ ಗಂಟೆ ಕೂತರೆ ನೇರ ಬಸ್ಸೇ ಬರುತ್ತೆ" ಎನ್ನುತ್ತಾರೆ. ಒರಟು ಮಾತಿನವರೂ ಇದ್ದಾರೆನ್ನಿ. ಆದರೂ ಆ ಕಿಟಕಿಯಲ್ಲಿ ಸಿಗುವುದು ಬರಿಯ ಹೊತ್ತಲ್ಲ, ಆ ಹೊತ್ತನ್ನು ಎಷ್ಟು ನಂಬಬಹುದು ಎಂಬುದು ಕೂಡ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ದಾರಿ ತೆರೆದದ್ದು ಒಂದು ಕಾಫಿ ಅಂಗಡಿಯಲ್ಲಿ. 1956ರಲ್ಲಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ತಾವು ಮದುವೆಯಾಗಲಿದ್ದ ಹುಡುಗಿಯೊಡನೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂಗಡಿ ಸುತ್ತಿ, ದಣಿದು, ಕಾಫಿಗೆ ಕುಳಿತರು. ರಾಟರ್‌ಡ್ಯಾಮಿನಿಂದ ಗ್ರೋನಿಂಗನ್‌ಗೆ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆಯನ್ನು ಕಾಗದ, ಪೆನ್ಸಿಲು ಇಲ್ಲದೆ ಇಪ್ಪತ್ತೇ ನಿಮಿಷದಲ್ಲಿ ಬಿಡಿಸಿದರು. 'ಆರ್ಮ್ಯಾಕ್' ಎಂಬ ಹೊಸ ಗಣಕಯಂತ್ರದ ಸಾಮರ್ಥ್ಯವನ್ನು ಜನಸಾಮಾನ್ಯರಿಗೆ ತೋರಿಸಲು ಅವರು ಆಯ್ದುಕೊಂಡ ಲೆಕ್ಕ ಅದು. ನಕ್ಷೆಯಲ್ಲಿದ್ದುದು 64 ಊರುಗಳು. 1959ರಲ್ಲಿ ಅಚ್ಚಾದ ಆ ವಿಧಾನ ಇಂದಿಗೂ ದಾರಿ ಹುಡುಕುವ ತಂತ್ರಾಂಶಗಳ ತಾಯಿಬೇರು.

ಆದರೆ ರಸ್ತೆ ಯಾವಾಗಲೂ ಇರುತ್ತದೆ, ಬಸ್ಸು ಹಾಗಲ್ಲ. ಎಂಟಕ್ಕೆ ಇದ್ದ ದಾರಿ ಎಂಟೂ ಐದಕ್ಕೆ ಇರುವುದಿಲ್ಲ. ಹೀಗಾಗಿ ಡೈಕ್‌ಸ್ಟ್ರಾ ವಿಧಾನಕ್ಕೆ ಗಡಿಯಾರವನ್ನೂ ಜೋಡಿಸಬೇಕಾಯಿತು. 2012ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ 'ರ‍್ಯಾಪ್ಟರ್' ಎಂಬ ವಿಧಾನವಂತೂ ಹೆಚ್ಚುಕಡಿಮೆ ನಾವು ನೀವು ಯೋಚಿಸುವಂತೆಯೇ ನಡೆಯುತ್ತದೆ. ಒಂದೇ ಬಸ್ಸಿನಲ್ಲಿ ಎಲ್ಲೆಲ್ಲಿಗೆ ಹೋಗಬಹುದು ಎಂದು ಮೊದಲ ಸುತ್ತು. ಆ ನಿಲ್ದಾಣಗಳಿಂದ ಇನ್ನೊಂದು ಬಸ್ಸು ಹಿಡಿದರೆ ಎಲ್ಲಿಗೆ ಎಂದು ಎರಡನೆಯ ಸುತ್ತು.

ಯಂತ್ರವೇನೋ ಸಿದ್ಧವಾಯಿತು, ಅದಕ್ಕೆ ಉಣಿಸಲು ವೇಳಾಪಟ್ಟಿ ಬೇಕಲ್ಲ? ಹಾಲೆಂಡಿನಲ್ಲಿ 1992ರಲ್ಲಿಯೇ 9292 ಎಂಬ ದೂರವಾಣಿ ಸೇವೆ ಶುರುವಾಗಿ, ಮುಂದೆ ಅಂತರ್ಜಾಲಕ್ಕೂ ಬಂತು. ಆ ಸಂಖ್ಯೆಯೇ ಇಂದಿಗೂ ಅದರ ಹೆಸರು. ಉಳಿದ ಕಡೆ ಒಂದೊಂದು ಊರಿನ ಪಟ್ಟಿ ಒಂದೊಂದು ಬಗೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆಯಲ್ಲಿದ್ದ ಬಿಬಿಯಾನಾ ಮೆಕ್‌ಹ್ಯೂ ಅವರಿಗೆ, ಕಾರಿನ ದಾರಿ ಹುಡುಕುವುದು ಸುಲಭವಾಗಿ ಬಸ್ಸಿನ ದಾರಿ ಹುಡುಕುವುದು ಯಾಕೆ ಕಷ್ಟವಾಗಬೇಕು ಎಂಬ ಪ್ರಶ್ನೆ ಎದ್ದಿತು. ಅವರು ಗೂಗಲ್ ಜತೆ ಸೇರಿ 2005ರ ಡಿಸೆಂಬರಿನಲ್ಲಿ ತಮ್ಮ ಊರಿನ ಬಸ್ಸುಗಳನ್ನು ಅಂತರ್ಜಾಲದ ನಕ್ಷೆಗೆ ಏರಿಸಿದರು. ಆಗ ರೂಪುಗೊಂಡ ಕಡತದ ಮಾದರಿಯೇ 'ಜಿಟಿಎಫ್‌ಎಸ್'. ಮಂತ್ರವೇನಿಲ್ಲ, ಅಲ್ಪವಿರಾಮ ಹಾಕಿ ಬರೆದ ಕೆಲವು ಪಟ್ಟಿಗಳು ಅಷ್ಟೆ: ನಿಲ್ದಾಣಗಳದೊಂದು, ಮಾರ್ಗಗಳದೊಂದು, ಯಾವ ಟ್ರಿಪ್ಪು ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಎಂಬುದೊಂದು. ಇಂದು ಜಗತ್ತಿನ ಬಹುಪಾಲು ಪ್ರಯಾಣ ಯೋಜಕಗಳು ಓದುವುದು ಈ ಪಟ್ಟಿಗಳನ್ನೇ.

ನಮ್ಮ 8.47 ಹುಟ್ಟುವುದು ಇಲ್ಲಿ. ಒಂದು ಬಸ್ಸು 8.20ಕ್ಕೆ ಹೊರಟು 20 ಕಿಲೋಮೀಟರ್ ಸಾಗಿ 9.20ಕ್ಕೆ ಕೊನೆ ಮುಟ್ಟುತ್ತದೆ ಎನ್ನಿ. ಸಂಸ್ಥೆಯ ಬಳಿ ಇರುವುದು ಈ ಎರಡೇ ಹೊತ್ತು. ನಡುವಿನ ಮೂವತ್ತು ನಿಲ್ದಾಣಗಳ ಜಾಗ ಖಾಲಿ. ಹಾಗೆ ಖಾಲಿ ಬಿಡಲು ಮಾದರಿಯಲ್ಲಿ ಅವಕಾಶವಿದೆ, ತಂತ್ರಾಂಶ ಅದನ್ನು ದೂರದ ಲೆಕ್ಕದಲ್ಲಿ ತುಂಬಿಕೊಳ್ಳುತ್ತದೆ. 20 ಕಿಲೋಮೀಟರಿಗೆ 60 ನಿಮಿಷವಾದರೆ ಒಂಬತ್ತನೆಯ ಕಿಲೋಮೀಟರಿಗೆ 27 ನಿಮಿಷ. 8.20ಕ್ಕೆ ಕೂಡಿಸಿ: 8.47! ಫ್ಲೈಓವರ್ ಕೆಳಗಿನ ಸಿಗ್ನಲ್, ಫ್ಯಾಕ್ಟರಿ ಬಿಟ್ಟ ಹೊತ್ತಿನ ನೂಕುನುಗ್ಗಲು, ಯಾವುದೂ ಈ ಭಾಗಾಕಾರದಲ್ಲಿಲ್ಲ. ತ್ರೈರಾಶಿಯಿಂದ ಹುಟ್ಟಿದ ಈ ಬಸ್ಸು, ಗಡಿಯಾರ ನೋಡಿ ಬಿಡುವ ರೈಲಿನಷ್ಟೇ ಗತ್ತಿನಿಂದ ತೆರೆಯ ಮೇಲೆ ಕೂರುತ್ತದೆ.

ಚಿಕ್ಕಪುಟ್ಟ ವಿಚಿತ್ರಗಳು ಇನ್ನೂ ಇವೆ. ಈ ಕಡತದಲ್ಲಿ ನಡುರಾತ್ರಿ ಕಳೆದು ಒಂದೂ ಹತ್ತಕ್ಕೆ ಬರುವ ಬಸ್ಸಿನ ಹೊತ್ತನ್ನು 25.10 ಎಂದು ಬರೆಯುತ್ತಾರೆ. ಹಿಂದಿನ ದಿನ ಹೊರಟ ಬಸ್ಸು ಹಿಂದಿನ ದಿನದ್ದೇ ಎಂಬ ತರ್ಕ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ದಿನ ಎಣಿಸುವ ನಮ್ಮ ಪಂಚಾಂಗದವರಿಗೆ ಇದು ಸರಿಯೆನಿಸೀತು. ರಾತ್ರಿ 12.10ರ ರೈಲಿಗೆ ತಪ್ಪು ತಾರೀಖಿನ ಟಿಕೆಟ್ ತೆಗೆಸಿ ಪೇಚಾಡಿದವರಿಗೂ ಅಷ್ಟೆ. ಇನ್ನು 'ಮೂರು ನಿಮಿಷ ನಡಿಗೆ'. ಎದುರಿನ ನಿಲ್ದಾಣ ಕಣ್ಣಿಗೆ ಕಾಣುತ್ತದೆ, ನಡುವೆ ಎದೆಯೆತ್ತರದ ಕಬ್ಬಿಣದ ಬೇಲಿ, ಮೇಲ್ಸೇತುವೆ ಅರ್ಧ ಫರ್ಲಾಂಗ್ ಆಚೆ. ಹೆಸರುಗಳ ಪಾಡು ಬೇರೆಯೇ. ಬನಶಂಕರಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎಷ್ಟು 'ಎ' ಹಾಕಬೇಕು ಎಂದು ಇಬ್ಬರು ಒಪ್ಪಿದ್ದನ್ನು ಈ ವರದಿಗಾರ್ತಿ ಕಂಡಿಲ್ಲ.

ವೇಳಾಪಟ್ಟಿ ಯಾರ ಸೊತ್ತು ಎಂಬ ಜಗಳವೂ ನಡೆದಿದೆ. 2009ರಲ್ಲಿ ನ್ಯೂಯಾರ್ಕಿನ ಸಾರಿಗೆ ಸಂಸ್ಥೆ, ತನ್ನ ರೈಲಿನ ಹೊತ್ತನ್ನು ಮೊಬೈಲಿಗೆ ಅಳವಡಿಸಿದ ಹವ್ಯಾಸಿಯೊಬ್ಬನ ಮೇಲೆ ಹಕ್ಕುಸ್ವಾಮ್ಯದ ಮಾತೆತ್ತಿತು. ಟೀಕೆ ಬಂದ ಮೇಲೆ ಪಟ್ಟುಬಿಟ್ಟು ಪಟ್ಟಿಯನ್ನು ಎಲ್ಲರಿಗೂ ತೆರೆಯಿತು. ನಮ್ಮ ದೇಶದಲ್ಲಿ ಕೊಚ್ಚಿ ಮೆಟ್ರೊ 2018ರಲ್ಲಿ ತನ್ನ ಪಟ್ಟಿಯನ್ನು ತೆರೆದಿಟ್ಟಿತು, ಅದೇ ವರ್ಷ ದೆಹಲಿಯೂ ಬಸ್ಸುಗಳ ಮಾಹಿತಿ ಕೊಟ್ಟಿತು. ಬೆಂಗಳೂರಿನ ಬಸ್ಸುಗಳಿಗೆ ಜಿಪಿಎಸ್ ವ್ಯವಸ್ಥೆ ಜಾರಿಗೆ ಬಂದದ್ದು 2016ರಲ್ಲಿ. ಜಿಪಿಎಸ್ ಇದ್ದು, ಅದರ ಮಾಹಿತಿ ಯೋಜಕಕ್ಕೆ ತಲುಪಿದರೆ, ತ್ರೈರಾಶಿಯ ಬಸ್ಸಿನ ಬದಲು ನಿಜವಾದ ಬಸ್ಸು ತೆರೆಗೆ ಬರುತ್ತದೆ. ತಲುಪದಿದ್ದರೆ ಮತ್ತೆ ಅದೇ 8.47.

ತಮಾಷೆಯೆಂದರೆ, ನಿಮಿಷಕ್ಕೆ ನಿಮಿಷ ಲೆಕ್ಕವಿಡುವ ಬಸ್ಸುಗಳು ನಮ್ಮಲ್ಲಿಯೇ ಇವೆ. ಕರಾವಳಿಯ ಖಾಸಗಿ ಬಸ್ಸುಗಳಿಗೆ ಸಾರಿಗೆ ಪ್ರಾಧಿಕಾರ ಪರ್ಮಿಟ್ಟಿನಲ್ಲೇ ಹೊತ್ತು ನಿಗದಿ ಮಾಡುತ್ತದೆ. ಹಿಂದಿನ ಬಸ್ಸಿನ ಹೊತ್ತನ್ನು ಮುಂದಿನದು ಎರಡು ನಿಮಿಷ ತಿಂದರೂ ನಿಲ್ದಾಣದಲ್ಲಿ ಜಗಳ. ಆದರೆ ಆ ಹೊತ್ತುಗಳು ಇರುವುದು ಪರ್ಮಿಟ್ಟಿನ ಕಾಗದದಲ್ಲಿ, ಏಜೆಂಟರ ಬಾಯಲ್ಲಿ. ಹೊರಗಿನಿಂದ ಬಂದವರು ಮೊಬೈಲ್ ಒತ್ತಿದರೆ ಹೆಚ್ಚಿನ ಸಲ ಬಸ್ಸೇ ಇಲ್ಲ ಎಂದೀತು.

ನಿಜವಾದ ಪೆಟ್ಟು ಬೀಳುವುದು ರಾತ್ರಿಯ ಕೊನೆಯ ಬಸ್ಸಿಗೆ. ಯೋಜಕ ಹುಡುಕುವುದು ಬೇಗ ಮುಟ್ಟಿಸುವ ದಾರಿಯನ್ನು. ಒಂದು ಬಸ್ಸಿನಿಂದಿಳಿದು ನಾಲ್ಕೇ ನಿಮಿಷದಲ್ಲಿ ಊರ ಕಡೆಯ ಕೊನೆಯ ಬಸ್ಸು ಹತ್ತಬಹುದು ಎಂದು ಅದು ಯಾವ ಅಳುಕೂ ಇಲ್ಲದೆ ಹೇಳುತ್ತದೆ. ಮೊದಲ ಬಸ್ಸು ಐದು ನಿಮಿಷ ತಡವಾದರೆ ಪಾಳಿ ಮುಗಿಸಿ ಹೊರಟ ದಾದಿ ದಾರಿಯ ನಡುವೆ ಆಟೊದವರೊಡನೆ ಚೌಕಾಸಿಗೆ ನಿಲ್ಲಬೇಕು. ಯಾರನ್ನು ಕೇಳುವುದು? ನಾವು ಆ ಹೊತ್ತು ಕೊಟ್ಟೇ ಇಲ್ಲ ಎಂದು ಸಾರಿಗೆಯವರು ಹೇಳಬಹುದು, ಅವರು ಕೊಟ್ಟದ್ದನ್ನೇ ತೋರಿಸಿದೆವು ಎಂದು ತಂತ್ರಾಂಶದವರು. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. 1839ರ ಕಂಪನಿಗಳು ಹೆದರಿದ್ದ ವಾಗ್ದಾನ ಈಗ ಎಲ್ಲರ ಅಂಗೈಯಲ್ಲಿದೆ, ಕೊಟ್ಟವರು ಮಾತ್ರ ಯಾರೂ ಇಲ್ಲ.

ಅಂದಹಾಗೆ, ಜಿಟಿಎಫ್‌ಎಸ್ ಕಡತದಲ್ಲಿ 'ಟೈಮ್‌ಪಾಯಿಂಟ್' ಎಂಬ ಒಂದು ಅಂಕಣವಿದೆ. ಕೊಟ್ಟ ಹೊತ್ತು ಸುಮಾರಿನದಾದರೆ ಅಲ್ಲಿ ಸೊನ್ನೆ ಹಾಕಬೇಕು, ನಿಖರವಾದರೆ ಒಂದು. ಏನೂ ಹಾಕದೆ ಖಾಲಿ ಬಿಟ್ಟರೆ, ನಿಖರ ಎಂದೇ ಲೆಕ್ಕ.