ಕಂಬಳಿ, ತಲಪರಿಗೆ ಮತ್ತು ಮೂರು ಗಂಟೆಯ ಶಾಲೆ

1953 ಎಂದರೆ ನಮ್ಮ ಕಡೆಯ ಹಿರಿಯರಿಗೆ ಜಿಲ್ಲೆ ಒಡೆದ ವರ್ಷ. ಆ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಉಳಿದವು ಮೈಸೂರಿಗೆ ಬಂದವು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. ನನ್ನ ಹುಟ್ಟೂರಿರುವ ಮಡಕಶಿರಾ ಮೊದಲೇ ಆ ಜಿಲ್ಲೆಯಲ್ಲಿತ್ತು (2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ). ಕಾಸರಗೋಡಿನ ಓದುಗರಿಗೆ ಇಂಥ ದಿನ ಮೂರು ವರ್ಷ ತಡವಾಗಿ, 1956ರ ನವೆಂಬರ್ 1ರಂದು ಬಂತು. ಇದೆಲ್ಲ ನಮಗೆ ಬಾಯಿಪಾಠ. ಆದರೆ ಅದೇ 1953ರಲ್ಲಿ, ಗಡಿ ಬೀಳುವ ಮುಂಚೆ, ಈ ಮೂರೂ ತಾಲೂಕುಗಳು ಒಂದೇ ಮದ್ರಾಸ್ ರಾಜ್ಯದಲ್ಲಿದ್ದಾಗ ಹಳ್ಳಿಯ ಶಾಲೆಗಳಿಗಾಗಿ ಹೊರಟ ಒಂದು ಆದೇಶವನ್ನು ನಾವು ಮರೆತಿದ್ದೇವೆ.

ಮುಖ್ಯಮಂತ್ರಿ ರಾಜಾಜಿಯವರ ಪರಿಷ್ಕೃತ ಪ್ರಾಥಮಿಕ ಶಿಕ್ಷಣ ಯೋಜನೆ ಅದು. ಐದು ಗಂಟೆಯ ಶಾಲೆ ಮೂರು ಗಂಟೆಗೆ ಇಳಿಯಬೇಕು, ಮಕ್ಕಳು ಎರಡು ಪಾಳಿಯಲ್ಲಿ ಬರಬೇಕು, ಉಳಿದ ಹೊತ್ತಿನಲ್ಲಿ ತಂದೆಯ ಕಸುಬು ಕಲಿಯಬೇಕು. ಇದ್ದಷ್ಟೇ ಮೇಷ್ಟರು, ಇದ್ದಷ್ಟೇ ಹಣದಲ್ಲಿ ಇಮ್ಮಡಿ ಮಕ್ಕಳಿಗೆ ಪಾಠ ಆಗಲಿ ಎಂಬುದು ಲೆಕ್ಕ. ವಿರೋಧಿಗಳು ಇದನ್ನು ‘ಕುಲಕ್ಕಲ್ವಿ’ ಎಂದು ಕರೆದರು, ಆ ಹೆಸರೇ ಉಳಿಯಿತು. ಆಂಧ್ರದಲ್ಲಿ ಅದು ಬೇಗನೆ ಬಿದ್ದುಹೋಯಿತು. ಮದ್ರಾಸಿನಲ್ಲಿ 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಯಾದ ಕೂಡಲೇ ರದ್ದಾಯಿತು.

1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟಿದ್ದೂ ಕೈಕಸುಬೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಅಲ್ಲಿ ಮಾತೃಭಾಷೆಯೂ ಕಸುಬೂ ಜೊತೆಯಾಗಿ ಶಾಲೆಯ ಒಳಗೆ ಬರಬೇಕಿತ್ತು. ಮದ್ರಾಸಿನ ಯೋಜನೆ ಮಗುವನ್ನೇ ಶಾಲೆಯಿಂದ ಹೊರಗೆ ಕಳಿಸಿತು. ಕುರುಬರ ಹುಡುಗ ಮಗ್ಗಕ್ಕೆ, ಶಾನುಭೋಗರ ಹುಡುಗ ಲೆಕ್ಕದ ಪುಸ್ತಕಕ್ಕೆ. ಸಿಟ್ಟು ಬಂದದ್ದು ಸುಮ್ಮನೆ ಅಲ್ಲ.

ಹಾಗೆಂದು ಆ ಮಗ್ಗದ ಕೆಲಸವೇನು ಸಣ್ಣ ವಿದ್ಯೆಯೆ? ಥರ್ಸ್ಟನ್ನರ 1909ರ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಕುರುಬರ ಕಂಬಳಿ ನೇಯ್ಗೆಯ ಮಾತು ಬರುತ್ತದೆ. ಕೈಯ ಕೆಲಸ ಮಾತ್ರ ಪುಸ್ತಕದಿಂದ ಬರುವುದಲ್ಲ. ಕುರಿಯ ಮೈ ತೊಳೆದು ತುಪ್ಪಟ ಕತ್ತರಿಸಬೇಕು. ಕರಿದು, ಬಿಳಿದು ಬೇರೆ ಮಾಡಬೇಕು. ಬಿಲ್ಲಿನಿಂದ ಹಿಂಜಿ, ಹಂಜಿ ಮಾಡಿ, ನೂಲಬೇಕು; ನಮ್ಮಲ್ಲಿ ನೂಲುವುದು ಹೆಂಗಸರ ಪಾಲು. ಆಮೇಲೆ ಹುಣಸೆಬೀಜ. ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಕುದಿಸಿ ಮಾಡಿದ ಸರಿಯನ್ನು, ಬಯಲಲ್ಲಿ ಎಳೆದು ಕಟ್ಟಿದ ಹಾಸಿನ ನೂಲಿಗೆ ಕುಂಚದಿಂದ ಬಳಿಯುತ್ತಾರೆ. ಎದ್ದ ನವಿರು ಅಂಟಿ ಕೂರದಿದ್ದರೆ ಮಗ್ಗದಲ್ಲಿ ಎಳೆ ಒಂದಕ್ಕೊಂದು ಸಿಕ್ಕಿಕೊಂಡು ಹರಿಯುತ್ತದೆ. ಸರಿ ಎಷ್ಟು ಗಟ್ಟಿ ಇರಬೇಕು ಎಂಬುದಕ್ಕೆ ಅಳತೆ ಇಲ್ಲ, ಬೆರಳಿಗೆ ಗೊತ್ತು. ಮಡಕಶಿರಾ ಸೀಮೆಯಲ್ಲಿ ಹುಣಸೆಗೆ ಬರವಿಲ್ಲ. ಹಣ್ಣು ಹಿಂದೂಪುರದ ಮಂಡಿಗೆ, ಬೀಜ ಮಗ್ಗಕ್ಕೆ.

ನಮ್ಮ ತಾತ ಗುಂಡಿಮಗ್ಗದಲ್ಲಿ ಕೂತವರು. ಮಗನನ್ನು ಮಾತ್ರ ಶಾಲೆಗೇ ಅಟ್ಟಿದರು. “ನನ್ನ ಬೆನ್ನು ಸಾಕು” ಎನ್ನುತ್ತಿದ್ದರಂತೆ. ಹಾಗಾಗಿ ನನಗೆ ಆ ಕೆಲಸದ ಹೆಸರುಗಳು ಬರುತ್ತವೆ, ಕೆಲಸ ಬಾರದು. ಅವರ ತೀರ್ಮಾನ ಸರಿಯೆಂದೇ ಇವತ್ತಿಗೂ ನನ್ನ ಎಣಿಕೆ.

ಮಗ್ಗಕ್ಕೆ ಜಾತಿಯಿತ್ತು. ತಲಪರಿಗೆಗೆ ಇಡೀ ಊರೇ ಬೇಕಿತ್ತು. ಹಳ್ಳದ ಮರಳನ್ನೋ ಕೆರೆಯ ಕೆಳಗಿನ ತಗ್ಗನ್ನೋ ಬಗೆದು ಊಟೆಯ ಕಣ್ಣು ಬಿಡಿಸಿ, ಏತವಿಲ್ಲದೆ ನೀರು ತಾನೇ ಹರಿದು ಗದ್ದೆ ಸೇರುವಂತೆ ಕಾಲುವೆ ತೋಡುವುದು. ತೆಲುಗಿನವರು ಇದನ್ನು ಊಟ ಕಾಲುವ ಎನ್ನುತ್ತಾರೆ. ಸಿರಾ, ಪಾವಗಡ, ಮಧುಗಿರಿಯಲ್ಲೂ ಇದೇ. ವರ್ಷಕ್ಕೊಮ್ಮೆ ಹೂಳು ತೆಗೆಯಲು ಜಮೀನಿದ್ದ ಮನೆಗಳಿಂದ ಆಳು ಬರಬೇಕು; ಹುಡುಗರು ಹಾರೆ ಹಿಡಿಯುವುದನ್ನೂ ಕಾಲುವೆಯ ವಾಟ ನೋಡುವುದನ್ನೂ ಅಲ್ಲೇ ಕಲಿಯುತ್ತಿದ್ದರು. ಮೇಲಿನ ಮರಳು ಲಾರಿ ಹತ್ತಿತು, ಸುತ್ತ ಬೋರ್‌ವೆಲ್ಲು ಇಳಿಯಿತು, ಎಷ್ಟೋ ಊಟೆಗಳ ಕಣ್ಣು ಬತ್ತಿತು. ಕೆಲಸವೇ ಇಲ್ಲವಾದ ಮೇಲೆ ಕಲಿಯುವುದೆಲ್ಲಿ?

ಕಂಬಳಿಗೂ ಇದೇ ಗತಿ. ಮಾಂಸಕ್ಕಾಗಿ ತುಪ್ಪಟವಿಲ್ಲದ ಕುರಿತಳಿ ಹಬ್ಬಿತು, ತುಪ್ಪಟಕ್ಕೆ ಬೆಲೆ ಬಿತ್ತು. ಯಾವ ಸರ್ಕಾರದ ಆದೇಶವೂ ಬೇಕಾಗಲಿಲ್ಲ.

ಭೂಪಟ ನೋಡಿದರೆ ಪಾವಗಡ ಆಂಧ್ರದೊಳಕ್ಕೂ ಮಡಕಶಿರಾ ಕರ್ನಾಟಕದೊಳಕ್ಕೂ ಚಾಚಿಕೊಂಡಿವೆ. ಹಾಸು, ಹೊಕ್ಕು, ಲಾಳಿ, ಕದಿರು ಎಂಬ ಮಾತುಗಳು ಎರಡೂ ಕಡೆ ಒಂದೇ. ತೆಲುಗು ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರೂ ಮಾತಿನ ನಡುವೆ ‘ಹಾಸುಹೊಕ್ಕು’ ಎನ್ನುತ್ತಾರೆ. ಮಗ್ಗ ನೋಡಿದವರು ಅವರಲ್ಲಿ ಕಡಿಮೆ.

ಇಂಥ ಮಾತುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಕಾಸರಗೋಡಿನ ಮುರಕಲ್ಲು ಗುಡ್ಡಗಳಲ್ಲಿ ಒಬ್ಬಾಳು ಹಿಡಿಸುವಷ್ಟೇ ಅಗಲಕ್ಕೆ ಅಡ್ಡಲಾಗಿ ಕೊರೆಯುವ ಸುರಂಗ ನಮ್ಮ ತಲಪರಿಗೆಯ ಹತ್ತಿರದ ನಂಟು; ಅಲ್ಲೂ ನೀರು ತಾನೇ ಹೊರಗೆ ಬರುತ್ತದೆ. ಸುರಂಗ ತೋಡುವವರ ಆಯುಧಗಳ, ಅಳತೆಗಳ ಹೆಸರನ್ನು ಬಲ್ಲ ಓದುಗರು ಸಂಪಾದಕರ ಮೂಲಕ ತಿಳಿಸಿದರೆ ಪಕ್ಕದ ಪುಟದಲ್ಲಿ ಬರೆದುಕೊಳ್ಳುವೆ. ಮಲಯಾಳದಲ್ಲಿ ಅವಕ್ಕೆ ಏನೆನ್ನುತ್ತಾರೆಂಬುದೂ ಜೊತೆಗಿರಲಿ.